ಚಕ್ರದ ಮನೆಯ ಗೃಹಪ್ರವೇಶ

ಗಾಳಿಯ ವಿಷಯವನ್ನು ಗಾಳಿಗೆ ತೂರುವ ಜಾಯಮಾನ ರುದ್ರಸ್ವಾಮಿಯದಲ್ಲ. ಹೆಬ್ಬಾಳದ ಕಾರ್ಖಾನೆಯಲ್ಲಿ ತಪಾಸಣೆಯ ಕೆಲಸ, ವಂಶಕ್ಕೇ ಮೊದಲ ಡಿಗ್ರಿ. ಗೆಳೆಯನ ಜೀಪಿನ ಹಿಂದೆ ಕಟ್ಟಿಕೊಂಡು ಊರೂರು ಸುತ್ತಲೆಂದು ಉದಯಗಿರಿಯ ವೆಲ್ಡಿಂಗ್ ಅಂಗಡಿಯಲ್ಲಿ ಎರಡು ಚಕ್ರದ ಮೇಲೊಂದು ಪುಟ್ಟ ಮನೆ ಮಾಡಿಸಿ, ಸರಸ್ವತಿಪುರಂನ ಬಾಡಿಗೆ ಮನೆಯ ಪಕ್ಕದ ಖಾಲಿ ಸೈಟಿನಲ್ಲಿ ನಿಲ್ಲಿಸಿದ್ದ. ಅದಕ್ಕೆ ಕ್ಯಾರವಾನ್ ಎನ್ನುತ್ತಾರೆಂದು ಬೀದಿಗೆಲ್ಲ ಹೇಳಿಕೊಟ್ಟಿದ್ದ. ತೊಂಬತ್ತೆಂಟರ ದಸರಾ ರಜೆಗೆ ಅದರಲ್ಲೇ ಕಾರವಾರಕ್ಕೆ ಹೋಗುವುದೆಂದು ಹೆಂಡತಿ ಪ್ರೇಮಲೀಲಾಗೆ ಮಾತು ಕೊಟ್ಟಿದ್ದ. ಶಾಲೆಯಲ್ಲಿ ವರ್ಷವರ್ಷವೂ ಭೂಗೋಳ ಹೇಳಿಕೊಡುತ್ತಿದ್ದ ಅವಳು ಸಮುದ್ರವನ್ನು ಕ್ಯಾಲೆಂಡರಿನಲ್ಲಿ ಮಾತ್ರ ಕಂಡಿದ್ದಳು.

ಭಾರಕ್ಕೆ ತಕ್ಕ ಟೈರು, ಟೈರಿಗೆ ತಕ್ಕ ಗಾಳಿ. ಇದು ರುದ್ರಸ್ವಾಮಿಯ ಸಿದ್ಧಾಂತ. ಗಾಳಿ ಹೆಚ್ಚಾದರೆ ಒಳಗಿನ ಲೋಟಗಳು ಕುಣಿಯುತ್ತವೆ, ಕಡಿಮೆಯಾದರೆ ಟೈರು ಕಾದು ಹಾಳಾಗುತ್ತದೆ. ಆದ್ದರಿಂದ ಆತ ಕುಕ್ಕರನ್ನು ತೂಗಿದ. ಹಾಸಿಗೆಗಳನ್ನು ತೂಗಿದ. ಕೊನೆಗೆ ಅಡುಗೆಮನೆಯ ಬಾಗಿಲಲ್ಲಿ ನಿಂತ.

“ನಿನ್ನ ತೂಕ ಎಷ್ಟು?”

“ನಾನು ಜೀಪಲ್ಲಿ ಕೂರೋಳು. ನನ್ ತೂಕ ಆ ಟೈರಿಗ್ಯಾಕೆ?”

“ರಾತ್ರಿ ಮಲಗೋದು ಅದ್ರೊಳಗೇ ತಾನೆ? ಲೆಕ್ಕ ಅಂದ್ರೆ ಲೆಕ್ಕ.”

“ಹೆಣ್ಣು ನೋಡೋಕೆ ಬಂದಾಗ ನಿಮ್ಮ ಮನೆಯವ್ರೂ ಇದನ್ನ ಕೇಳ್ಲಿಲ್ಲ ಕಣ್ರೀ.”

ರುದ್ರಸ್ವಾಮಿ ಕಣ್ಣಳತೆಯಲ್ಲೇ ಅಂದಾಜು ಮಾಡಿದ. ಅಂದಾಜನ್ನು ಬಾಯಿಬಿಟ್ಟು ಹೇಳಿಯೂ ಬಿಟ್ಟ. ಆ ದಿನದ ಊಟ ಹೋಟೆಲಿನಲ್ಲಾಯಿತು.

ಅಂತೂ ಲೆಕ್ಕಕ್ಕೆ ಸರಿಯಾಗಿ ಕಾರಿನ ಟೈರುಗಳು ಬಂದವು, ಲೆಕ್ಕಕ್ಕೆ ಸರಿಯಾಗಿ ಗಾಳಿ ಬಿತ್ತು. ಒಂದು ಪೌಂಡೂ ಹೆಚ್ಚಿಲ್ಲ, ಒಂದು ಪೌಂಡೂ ಕಡಿಮೆಯಿಲ್ಲ.

ಹೊರಡುವ ಹಿಂದಿನ ದಿನ ತಾಯಿ ಸೋಮಮ್ಮ ಕ್ಯಾರವಾನಿನೊಳಗೆ ಇಣುಕಿ ನೋಡಿದರು.

“ಒಲೆ ಐತೆ, ಮಂಚ ಐತೆ. ಮನೆ ಅಂದ್ಮೇಲೆ ಹಸ ನುಗ್ಗಿಸ್ದೆ ಹೆಂಗ್ಲಾ ಮಲಗ್ತೀಯ?”

“ಅದು ಮನೆಯಲ್ಲಮ್ಮ, ವಾಹನ.”

“ನಿನ್ನ ಸ್ವಂತದ್ದು ಅಂತ ಇರೋದು ಇದೊಂದೇ ಕಣಪ್ಪ. ಬಾಡಿಗೆ ಮನೇಲೇ ನನ್ ಕಣ್ಣು ಮುಚ್ಚುಸ್ತೀಯಾ?”

ರುದ್ರಸ್ವಾಮಿ ಮತ್ತೆ ಲೆಕ್ಕ ಹಾಕಿದ. ಹಾಲು ಹಾಕುವ ಮಹದೇವಯ್ಯನ ಹಸು ಮುಂದಿನ ಎರಡು ಕಾಲನ್ನಷ್ಟೇ ಒಳಗಿಡತಕ್ಕದ್ದು ಎಂದು ಒಪ್ಪಂದವಾಯಿತು. ಒಪ್ಪಂದಕ್ಕೆ ಹಸುವಿನ ರುಜು ಇರಲಿಲ್ಲ.

ಮಾರನೆಯ ಬೆಳಿಗ್ಗೆ ಒಳಗೆ ಒಲೆಯ ಮೇಲೆ ಹಾಲಿತ್ತು, ದೀಪ ಉರಿಯುತ್ತಿತ್ತು. ಮೂಡಲ ಗೋಡೆಗೆ ಬಾಳೆಗೊನೆ ಕಟ್ಟಿತ್ತು. ಹಿಂಬಾಗಿಲಿಗೆ ಹಲಗೆ ಕೊಟ್ಟು ಹಸುವನ್ನು ಹತ್ತಿಸಿದರು. ಅದು ಬಾಳೆಗೊನೆಯನ್ನು ಕಂಡು ನಾಲ್ಕೂ ಕಾಲಿಟ್ಟಿತು. ಅದನ್ನು ಹೊರಗೆಳೆಯಲು ಮಹದೇವಯ್ಯ ಹತ್ತಿದ. ಅವನಿಗೆ ನೆರವಾಗಲು ಊರಿಂದ ಬಂದಿದ್ದ ನೆಂಟರು ಹತ್ತಿದರು. ಎಲ್ಲರೂ ಒಂದೇ ಕಡೆ ಇರುವುದನ್ನು ಕಂಡು ಫೋಟೋದವನೂ ಹತ್ತಿದ.

ಟೈರು ಢಂ ಎನ್ನಲಿಲ್ಲ. ಹೋಳಿಗೆ ಊಟ ಮುಗಿಸಿ ಕೂತವರಂತೆ ಉಸ್ಸೆಂದಿತು, ಅಷ್ಟೆ. ಮನೆ ಮೆಲ್ಲಗೆ ಮೂಡಲಿಗೆ ವಾಲಿತು. ಪಾತ್ರೆಯ ಹಾಲೂ ಮೂಡಲಿಗೇ ಹರಿಯಿತು.

ಸೋಮಮ್ಮ ಕೈ ಮುಗಿದರು. “ಮೂಡ್ಲಿಗೇ ಉಕ್ತು ಕಣ್ಲಾ ರುದ್ರ. ಬಂಗ್ಲೆ ಕಟ್ಟಿಸ್ದೋರಿಗೂ ಹಿಂಗೆ ಉಕ್ಕಿಲ್ಲ.”

“ಉಕ್ಕಿದ್ದಲ್ಲಮ್ಮ, ಚೆಲ್ಲಿದ್ದು,” ಎಂದ ರುದ್ರಸ್ವಾಮಿ ಚಕ್ರದ ಪಕ್ಕದಿಂದ. “ಸಂಜೆಗೆ ಬೇರೆ ಟೈರು ತರ್ತೀನಿ. ನಾಳೆ ಹೊರಡೋದೇ.”

“ಹಾಲುಕ್ಕಿದ ಮನೇನ ಬೀದೀಲಿ ಎಳ್ಕೊಂಡು ಹೋಗ್ತೀಯಾ? ದೀಪ ಹಚ್ಚಿ ಆಯ್ತು. ಅಮಾವಾಸ್ಯೆ ಕಳಿಯೋಗಂಟ ದೀಪ ಆರ್ಬಾರ್ದು, ಮನೆ ಅಲುಗ್ಬಾರ್ದು, ಬೀಗಾನೂ ಹಾಕ್ಬಾರ್ದು.”

ಅಮಾವಾಸ್ಯೆಯೆಂದರೆ ದೀಪಾವಳಿ. ಅಷ್ಟರಲ್ಲಿ ಪ್ರೇಮಲೀಲಾಳ ರಜೆಯೂ ಮುಗಿಯುತ್ತದೆ, ಸಮುದ್ರವೂ ಕ್ಯಾಲೆಂಡರಿಗೆ ವಾಪಸಾಗುತ್ತದೆ. ರುದ್ರಸ್ವಾಮಿ ಹೆಂಡತಿಯ ಮುಖ ನೋಡಲಾರದೆ ಟೈರನ್ನೇ ನೋಡಿದ.

ಪ್ರೇಮಲೀಲಾ ಬಹಳ ವಿನಯದಿಂದ ಕೇಳಿದಳು. “ಅತ್ತೆ, ದೀಪ ನೋಡ್ಕೊಳ್ಳೋದು ಯಾರ ಕೆಲ್ಸ?”

“ಯಜಮಾನಂದು ಕಣವ್ವ. ಇನ್ಯಾರ್ದು?”

“ನೀವು ಸಮುದ್ರ ನೋಡಿದೀರಾ?”

“ಎಲ್ ನೋಡ್ಲವ್ವ.”

ಮರುದಿನ ಬಸ್ ಸ್ಟ್ಯಾಂಡಿಗೆ ಹೊರಟ ಆಟೋದಲ್ಲಿ ಅತ್ತೆ ಸೊಸೆ ಕೂತಿದ್ದರು. ಯಜಮಾನ ದೀಪದೆಣ್ಣೆಯ ಬಾಟಲಿ ಹಿಡಿದು, ವಾಲಿದ ಮನೆಯ ವಾಲಿದ ಬಾಗಿಲಲ್ಲಿ ತಾನೂ ಅಷ್ಟೇ ವಾಲಿಕೊಂಡು ನಿಂತಿದ್ದ. ಆದರೂ ಅಭ್ಯಾಸ ಬಿಡಲಿಲ್ಲ.

“ಹಿಂದಿನ ಟೈರಲ್ಲಿ ಗಾಳಿ ಕಮ್ಮಿ ಇರೋ ಹಂಗಿದೆ, ನೋಡಪ್ಪ,” ಎಂದ ಆಟೋದವನಿಗೆ.

ಪ್ರೇಮಲೀಲಾ ತಲೆ ಹೊರಹಾಕಿದಳು. “ಇರ್ಲಿ ಬಿಡಿ. ಅವ್ರು ನಮ್ಮ ತೂಕ ಕೇಳ್ಲಿಲ್ಲ.”