ಯಜ್ಞೇಶನ ಎಡ ಹೆಗಲು

ನನಗೆ ಸಂಗೀತ ಗೊತ್ತಿದೆ ಎಂದು ನಂಬಿದವರು ನಮ್ಮ ಸೀಮೆಯಲ್ಲಿ ಮೂವತ್ತೆಂಟು ಜನ ಇದ್ದಾರೆ. (ನಮ್ಮ ವಾಟ್ಸಾಪ್ ಗುಂಪಿನ ಸದಸ್ಯರ ಸಂಖ್ಯೆ ಅದು.) ನಂಬದವಳು ಒಬ್ಬಳು. ಮೂವತ್ತೊಂದು ವರ್ಷದಿಂದ ನಾನು ಸಂಸಾರ ಮಾಡುತ್ತಿರುವುದು ಅವಳ ಜೊತೆಗೇ.

ನೀಲಾಂಬಿಕೆಯ ಅಪನಂಬಿಕೆಗೆ ಕಾರಣವಿಲ್ಲದಿಲ್ಲ. ಅವಳು ಹಿತ್ತಲಿಗೆ ಹೋಗುವಾಗ ಕುಕ್ಕರಿನ ಜವಾಬ್ದಾರಿಯನ್ನು ನನಗೆ ವಹಿಸುತ್ತಾಳೆ. ಬಂದು ಎಷ್ಟು ಸಲ ಕೂಗಿತು ಎಂದು ಕೇಳಿದರೆ ನಾನು ಸರಿಯಾಗಿ ಹೇಳಿದ ದಾಖಲೆ ಇಲ್ಲ. "ಮೂರು ವಿಷಲ್ ಎಣಿಸಕ್ಕೆ ಬಾರದೋರು ಏಳು ಸ್ವರ ಹ್ಯಾಗ್ರೀ ಎಣಿಸ್ತೀರಿ?" ಎನ್ನುತ್ತಾಳೆ.

ಹಾಗೆಂದು ನಾನು ಸಂಗೀತದಲ್ಲಿ ಅನಕ್ಷರಸ್ಥನಲ್ಲ. ಅಕ್ಷರ ಹೆಚ್ಚಾದದ್ದೇ ನನ್ನ ತೊಂದರೆ. ನರಸಿಂಹರಾಜಪುರದ ಗ್ರಂಥಾಲಯದಲ್ಲಿ ಇಪ್ಪತ್ತೆಂಟು ವರ್ಷ ಕೆಲಸ ಮಾಡಿ, ಸಂಗೀತದ ಕಪಾಟಿನಲ್ಲಿದ್ದ ಪುಸ್ತಕಗಳನ್ನೆಲ್ಲ ಎರಡೆರಡು ಸಲ ಓದಿ ನಿವೃತ್ತನಾದವನು ನಾನು. ಯಾವ ರಾಗಕ್ಕೆ ಯಾವ ಸ್ವರ ಎಂದು ಕೇಳಿ, ಹೇಳುತ್ತೇನೆ. ಆದರೆ ವೇದಿಕೆಯ ಮೇಲೆ ಕೂತವರು ಬಾಯಿ ತೆರೆದ ಕೂಡಲೇ ಎಲ್ಲ ರಾಗಗಳೂ ನನಗೆ ಒಂದೇ ರಾಗ. ಅದರ ಹೆಸರು ನಿದ್ದೆ.

ಇಂಥ ನನ್ನನ್ನು ರಸಿಕನನ್ನಾಗಿ ಮಾಡಿದವನು ಯಜ್ಞೇಶ. ಕೊಪ್ಪದವನು. ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದ, ಕಾಲೇಜಿನ ದಿನದಿಂದ ನನ್ನ ಸ್ನೇಹಿತ. ಇಪ್ಪತ್ತಾರು ವರ್ಷ ಶೃಂಗೇರಿ, ಹರಿಹರಪುರ, ಬಾಳೆಹೊನ್ನೂರು ಎಂದು ಕಛೇರಿ ಇದ್ದಲ್ಲೆಲ್ಲ ಇಬ್ಬರೂ ಹೋಗಿದ್ದೇವೆ. ಮೂರನೇ ಸಾಲು. ಬಲಗಡೆಯ ಕುರ್ಚಿ ಅವನದು, ಎಡಗಡೆಯದು ನನ್ನದು. ಎರಡನೇ ಕೃತಿಯ ಹೊತ್ತಿಗೆ ನನ್ನ ತಲೆ ಅವನ ಎಡ ಹೆಗಲ ಮೇಲೆ ಇರುತ್ತಿತ್ತು. ಮಂಗಳ ಹಾಡುವಾಗ ಮೊಣಕೈಯಿಂದ ತಿವಿದು ಎಬ್ಬಿಸುತ್ತಿದ್ದ. ಆಮೇಲೆ ಬಸ್‌ಸ್ಟ್ಯಾಂಡಿನ ಪಕ್ಕ ಕಾಫಿ ಕುಡಿಯುತ್ತಾ, ಕೇಳಿದ್ದರ ಬಗ್ಗೆ ಸರಿಯಾಗಿ ಮೂರು ವಾಕ್ಯ ಹೇಳುತ್ತಿದ್ದ. ಅವನ ಹತ್ತಿರ ಇದ್ದದ್ದು ಬಟನ್ ಫೋನು. ನಾನು ಆ ಮೂರು ವಾಕ್ಯಗಳಿಗೆ ಆರು ವಿಶೇಷಣ ತೊಡಿಸಿ, ಅಲಂಕಾರ ಮಾಡಿ, 'ಶ್ರೋತೃ ಬಳಗ' ಎಂಬ ನಮ್ಮ ಗುಂಪಿಗೆ ಕಳಿಸುತ್ತಿದ್ದೆ. ಬೆಳಗಾಗುವುದರೊಳಗೆ ಇಪ್ಪತ್ತು ನಮಸ್ಕಾರದ ಕೈಗಳು ಬಂದಿರುತ್ತಿದ್ದವು.

"ನಿನ್ನ ಹೆಸರು ಹಾಕ್ತೀನೋ" ಎಂದರೆ, "ನಂಗ್ಯಾಕೆ ಮಾರಾಯ ಹೆಸರು? ಮಾತು ನಿಂದೇ" ಎನ್ನುತ್ತಿದ್ದ. ನಾನು ಅದನ್ನು ವಿನಯ ಎಂದುಕೊಂಡಿದ್ದೆ.

ಕಳೆದ ಫೆಬ್ರವರಿಯಲ್ಲಿ, ಒಂದು ಮಂಗಳವಾರ ಬೆಳಿಗ್ಗೆ, ಯಜ್ಞೇಶ ಹೋದ. ಹಿಂದಿನ ಸಂಜೆ ಫೋನಿನಲ್ಲಿ ಭಾನುವಾರದ ವೀಣೆಗೆ ಎಷ್ಟು ಗಂಟೆಯ ಬಸ್ಸು ಎಂದು ಕೇಳಿದ್ದ. ಅದರ ಬಗ್ಗೆ ನನಗೆ ಇಷ್ಟೇ ಬರೆಯಲು ಆಗುವುದು. ಅಲ್ಲಿಂದೀಚೆಗೆ ನನಗೆ ನಿದ್ದೆ ಸರಿಯಾಗಿ ಬರುತ್ತಿರಲಿಲ್ಲ ಎಂಬುದನ್ನು ಮಾತ್ರ, ಮುಂದಿನ ಕಥೆಗೆ ಬೇಕಾದದ್ದರಿಂದ, ಹೇಳಿಟ್ಟಿರುತ್ತೇನೆ.

ನವರಾತ್ರಿ ಬಂತು. "ಗೋಡೆ ನೋಡ್ತಾ ಕೂತಿದ್ದು ಸಾಕು, ನಡೀರಿ, ನಾನೂ ಬತ್ತೀನಿ" ಎಂದು ನೀಲಾ ನನ್ನನ್ನು ಶೃಂಗೇರಿಗೆ ಎಳೆದುಕೊಂಡು ಹೋದಳು. ಹಾಡುಗಾರಿಕೆ. ಜೀವನದಲ್ಲಿ ಮೊದಲ ಬಾರಿಗೆ ಒಂದು ಕಛೇರಿಯನ್ನು ಪೂರ್ತಿ ಎಚ್ಚರವಾಗಿ ಕೇಳಿದೆ. ಕೇಳಿದೆ ಎಂದರೆ, ಕಿವಿಗೆ ಬಿತ್ತು. ವಾಪಸು ಬರುವಾಗ ಬಸ್ಸಿನಲ್ಲಿ ನೀಲಾ ಕೇಳಿದಳು:

"ಹ್ಯಾಗಿತ್ತು?"

"ದೊಡ್ಡದಿತ್ತು" ಎಂದೆ.

ಅಷ್ಟರಲ್ಲಿ ಗುಂಪಿನ ಮುಖ್ಯಸ್ಥ ಧರ್ಮೇಶ್ (ಕೊಪ್ಪದಲ್ಲಿ ಔಷಧಿ ಅಂಗಡಿ, ಭಕ್ತಿಯ ಮನುಷ್ಯ) 'ಸಾರ್, ನಿಮ್ಮ ಅನಿಸಿಕೆಗೆ ಕಾಯ್ತಿದೀವಿ' ಎಂದು ಬರೆದ. ನಾನು ಕಣ್ಣು ಮುಚ್ಚಿ, ಪುಸ್ತಕದ ಒಂದು ಪುಟ ನೆನೆದು, 'ತೋಡಿಯ ಗಾಂಭೀರ್ಯದಲ್ಲಿ ಮಿಂದೆದ್ದ ಸಂಜೆ' ಎಂದು ಕಳಿಸಿಬಿಟ್ಟೆ.

ಹತ್ತು ನಿಮಿಷದ ನಂತರ ಧರ್ಮೇಶನ ಪ್ರಶ್ನೆ: 'ಸಾರ್, ಇವತ್ತು ತೋಡಿ ಹಾಡಿದ್ರಾ?'

'ಛಾಯೆ ಇತ್ತು' ಎಂದು ಬರೆದೆ.

ಮಾರನೇ ದಿನ ಮಧ್ಯಾಹ್ನದ ಹೊತ್ತಿಗೆ ಇನ್ನಿಬ್ಬರು ಸದಸ್ಯರಿಗೂ ಛಾಯೆ ಕೇಳಿಸಿತ್ತು. ಸಂಜೆಗೆ ಒಬ್ಬರು, ಛಾಯೆ ಕೇಳಿ ತಮಗೆ ಕಣ್ಣೀರು ಬಂದದ್ದಾಗಿ ಬರೆದರು. ನಾನು ಗೊಂದಲದಲ್ಲಿ ಬಿದ್ದೆ. ಇಲ್ಲದ ರಾಗ ಇಷ್ಟು ಜನಕ್ಕೆ ಕೇಳಿಸುವುದಾದರೆ, ಇದ್ದ ರಾಗ ನನಗೊಬ್ಬನಿಗೆ ಯಾಕೆ ಕೇಳಿಸಲಿಲ್ಲ?

ಎರಡು ವಾರದ ಮೇಲೆ ಕೊಪ್ಪದ ಮೈದಾನದಲ್ಲಿ ಒಂದು ಫ್ಯೂಷನ್ ಬ್ಯಾಂಡು ಬಂತು. ಸ್ಪೀಕರುಗಳ ಅಬ್ಬರಕ್ಕೆ ನನ್ನ ಪಕ್ಕೆಲುಬುಗಳೇ ಪಕ್ಕವಾದ್ಯಗಳಾದವು. ಈ ಸಲ ಅಪಾಯ ಬೇಡ ಎಂದು, ಎರಡು ವರ್ಷದ ಹಿಂದೆ ಯಜ್ಞೇಶ ಹೇಳಿ ನಾನು ಬರೆದಿದ್ದ ಹಳೆಯ ಸಂದೇಶವೊಂದನ್ನು ಹುಡುಕಿ ಹಾಗೆಯೇ ಕಳಿಸಿದೆ: 'ಇವರು ಮೌನವನ್ನೂ ಹಾಡಿದರು.' ಮೂವತ್ತು ಜನ ಬಿದ್ದು ಬಿದ್ದು ನಕ್ಕ ಚಿತ್ರ ಹಾಕಿದರು. 'ಸಾರ್, ನಿಮ್ಮ ವ್ಯಂಗ್ಯ ಸೂಪರ್' ಎಂದು ಧರ್ಮೇಶ್ ಬರೆದ. ತಪ್ಪು ಮಾಡಿದಷ್ಟೂ ನನ್ನ ಕೀರ್ತಿ ಹೆಚ್ಚುತ್ತಿತ್ತು.

ನವೆಂಬರಿನಲ್ಲಿ ಧರ್ಮೇಶನೇ ಫೋನು ಮಾಡಿದ. ಯಜ್ಞೇಶನ ಹುಟ್ಟುಹಬ್ಬದ ದಿನ, ಭಾನುವಾರ, ಕೊಪ್ಪದಲ್ಲಿ ಅವನ ನೆನಪಿಗೆ ಕಛೇರಿ. ಹಾಡುವವಳು ಯಜ್ಞೇಶನ ತಮ್ಮನ ಮಗಳು ಗಾನವಿ. ಅವಳ ಮೊದಲ ಪೂರ್ಣ ಕಛೇರಿ. "ಕೊನೇಲಿ ನೀವು ಹತ್ತು ನಿಮಿಷ ಅನಿಸಿಕೆ ಹೇಳ್ಬೇಕು ಸಾರ್. ಯಜ್ಞೇಶ್ ಸಾರ್ ಜಾಗದಲ್ಲಿ ನಿಂತು ಮಾತಾಡೋಕೆ ಇನ್ಯಾರಿದಾರೆ?"

ಫೋನಿಟ್ಟು ನೀಲಾಳ ಮುಂದೆ ನಿಂತೆ.

"ಬರಲ್ಲ ಅನ್ನಿ" ಎಂದಳು.

"ಕಾರಣ ಕೇಳ್ತಾನೆ."

"ಸಂಗೀತ ಬರಲ್ಲ ಅನ್ನಿ."

"ಇಪ್ಪತ್ತಾರು ವರ್ಷ ಅವನ ಹೆಗಲ ಮೇಲೆ ನಿದ್ದೆ ಹೊಡೆದೆ ಅಂತ, ಅವನ ನೆನಪಿನ ದಿವಸವೇ ಮೈಕ್ ಹಿಡಿದು ಹೇಳ್ಲಾ? ಸುಲೋಚನಮ್ಮ ಎದುರಿಗೆ ಕೂತಿರ್ತಾರೆ."

ಸುಲೋಚನಮ್ಮ ಯಜ್ಞೇಶನ ಹೆಂಡತಿ. ನನ್ನನ್ನು ಅಣ್ಣ ಎಂದೇ ಕರೆಯುವವರು.

"ಹಂಗಾದ್ರೆ ಒಂದು ಕೆಲ್ಸ ಮಾಡಿ" ಎಂದಳು ನೀಲಾ. "ಆ ಒಂದು ದಿನ ಎಚ್ಚರ ಇರಿ. ಅವರಿಗೋಸ್ಕರ. ಅರ್ಥ ಆಗದಿದ್ರೂ ಅಡ್ಡಿಲ್ಲ, ಕೇಳಿ."

ಮದುವೆಯಾದ ಮೇಲೆ ನಮ್ಮಿಬ್ಬರ ಅಭಿಪ್ರಾಯ ಒಂದಾದದ್ದು ಅದು ಎರಡನೇ ಸಲವಿರಬೇಕು. (ಮೊದಲನೆಯದು ನೆನಪಿಲ್ಲ.) ನಾನು ಪ್ರತಿಜ್ಞೆ ಮಾಡಿದೆ: ಮೊದಲ ಸ್ವರದಿಂದ ಮಂಗಳದವರೆಗೆ ರೆಪ್ಪೆ ಮುಚ್ಚುವುದಿಲ್ಲ.

ಆ ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ ಕೊಪ್ಪದ ಸಭಾಭವನದಲ್ಲಿ, ಮೂರನೇ ಸಾಲಿನಲ್ಲಿ ಹಾಜರಾದೆ. ಜೇಬಿನಲ್ಲಿ ನಾಲ್ಕು ಪುಟದ ಭಾಷಣ. ಬಲಗಡೆಯ ಕುರ್ಚಿಯಲ್ಲಿ ಬೇರೆ ಯಾರೂ ಕೂರುವುದನ್ನು ನೋಡಲಾರದೆ ಅದರ ಮೇಲೆ ನಮ್ಮ ಚೀಲ ಇಟ್ಟೆ. ಚೀಲದೊಳಗೆ ಫ್ಲಾಸ್ಕಿನ ತುಂಬ ಗಟ್ಟಿ ಕಾಫಿ. ಎಡಗಡೆ ನೀಲಾ, ಅವಳ ಕೈಯಲ್ಲಿ ಒಂದು ಪಿನ್ನು.

ಗಾನವಿ ಬಂದು ಕೂತಳು. ದೊಡ್ಡಪ್ಪನ ಫೋಟೋಗೆ ಕೈ ಮುಗಿದಳು. ನನ್ನನ್ನು ನೋಡಿ ನಕ್ಕಳು. ಮೊದಲ ಹಾಡು ಮುಗಿಯಿತು. ನಾನು ಎಚ್ಚರ. ಎರಡನೆಯದರ ನಡುವೆ ಮತ್ತೆ ನನ್ನ ಕಡೆ ನೋಡಿದಳು. ನಾನು ಕಣ್ಣನ್ನು ಇನ್ನಷ್ಟು ಅಗಲ ಮಾಡಿ ತಲೆದೂಗಿದೆ. ಅವಳ ಮುಖದ ನಗು ಹೋಯಿತು. ಮೂರನೆಯದಕ್ಕೆ ಶ್ರುತಿ ಪೆಟ್ಟಿಗೆಯ ಶಬ್ದ ಹೆಚ್ಚಿಸಲು ಹೇಳಿದಳು. ನಾನು ಮೂರನೇ ಲೋಟ ಕಾಫಿ ಕುಡಿದೆ. ಹಿಂದಿನ ಸಾಲಿನಲ್ಲಿ ಯಾರೋ ಪಿಸುಗುಟ್ಟಿದರು: "ಇನ್ನೂ ಎಚ್ಚರವಾಗೇ ಇದಾರಲ್ಲ!"

ಮೆಚ್ಚುಗೆ ಎಂದುಕೊಂಡೆ. ಬೆನ್ನು ನೆಟ್ಟಗೆ ಮಾಡಿ ಕೂತೆ.

ನಾಲ್ಕನೆಯ ಹಾಡಿನಲ್ಲಿ ಗಾನವಿ ಸಾಹಿತ್ಯ ಮರೆತಳು. ಐದನೆಯದನ್ನು ಅರ್ಧಕ್ಕೆ ಮುಗಿಸಿದಳು. ಮೃದಂಗದವರು ಅವಳನ್ನು ನೋಡಿದರು, ಅವಳು ನನ್ನನ್ನು ನೋಡಿದಳು, ಸಭೆಯೂ ನನ್ನನ್ನು ನೋಡಿತು. ಧರ್ಮೇಶ್ ಓಡಿಬಂದು ಮೈಕಿನಲ್ಲಿ, "ಹದಿನೈದು ನಿಮಿಷ ವಿರಾಮ. ಕಷಾಯ ಇದೆ" ಎಂದ. ಕಾರ್ಯಕ್ರಮ ಪಟ್ಟಿಯಲ್ಲಿ ವಿರಾಮವೇ ಇರಲಿಲ್ಲ.

ಕಷಾಯದ ಲೋಟ ನನ್ನ ಕೈಗೆ ಬರುವ ಮೊದಲು ಸುಲೋಚನಮ್ಮ ಬಂದರು.

"ರಾಜಶೇಖರಣ್ಣ, ಹುಷಾರಿಲ್ವಾ?"

"ಇದೀನಿ ಸುಲೋಚನಮ್ಮ. ಯಾಕೆ?"

"ಮತ್ತೆ ಯಾಕೆ ನಿದ್ದೆ ಮಾಡ್ತಿಲ್ಲ? ಕೂಸು ಒಳಗೆ ಕೂತು ಅಳ್ತಾ ಇದೆ."

ನಾನು ನೀಲಾಳ ಮುಖ ನೋಡಿದೆ. ಅವಳು ಪಿನ್ನನ್ನು ಸೆರಗಿಗೆ ಚುಚ್ಚಿ ಮುಚ್ಚಿಟ್ಟಳು.

"ನಂಗೆ ಅರ್ಥ ಆಗ್ಲಿಲ್ಲ" ಎಂದೆ. ನಿಜವಾಗಿಯೂ ಆಗಿರಲಿಲ್ಲ.

ಸುಲೋಚನಮ್ಮ ಚೀಲದಿಂದ ಒಂದು ಸಣ್ಣ ನೋಟ್‌ಬುಕ್ ತೆಗೆದರು. ಯಜ್ಞೇಶನ ಗುಂಡು ಅಕ್ಷರ. "ಇದನ್ನ ಕೊನೇಲಿ ನಿಮಗೆ ಕೊಡಣ ಅಂತಿದ್ದೆ. ಈಗ್ಲೇ ಓದಿ."

'ಹರಿಹರಪುರ. ಗಾಯನ. ಮೂರನೇ ಕೃತಿಯಲ್ಲಿ ರಾಜಶೇಖರ ಎದ್ದ. ಮೇಲಿನ ಸ್ಥಾಯಿಯಲ್ಲಿ ಶ್ರುತಿ ಜಾರಿರಬೇಕು.'

'ಬಾಳೆಹೊನ್ನೂರು. ಕೊಳಲು. ಎರಡು ಸಲ ಎದ್ದ. ಸಾಧಾರಣ.'

'ಶೃಂಗೇರಿ. ಪಿಟೀಲು. ಕುರ್ಚಿಯಿಂದ ಬೀಳುವಷ್ಟು ನಿದ್ದೆ. ಅದ್ಭುತ.'

ಆ ಪಿಟೀಲು ನನಗೆ ನೆನಪಿದೆ. 'ಕೇಳಿದವರನ್ನು ಮುಳುಗಿಸಿಬಿಟ್ಟ ನಾದ' ಎಂದು ಗುಂಪಿಗೆ ಬರೆದಿದ್ದೆ. ಮುಳುಗಿದವನು ನಾನೇ ಎಂದು ಗೊತ್ತಿರಲಿಲ್ಲ.

"ಆರು ವರ್ಷದಿಂದ ಅವರ ಎಡಗಿವಿ ಪೂರ್ತಿ ಹೋಗಿತ್ತು ಅಣ್ಣ" ಎಂದರು ಸುಲೋಚನಮ್ಮ. "ಬಲಗಿವೀಲಿ ಅಷ್ಟಿಷ್ಟು. ಯಾವ ರಾಗ ಅಂತ ತಿಳೀತಿತ್ತು. ಶ್ರುತಿ ನಿಂತಿದೆಯೋ ಜಾರಿತೋ ತಿಳೀತಿರ್ಲಿಲ್ಲ. 'ರಾಜಶೇಖರ ಇದಾನಲ್ಲ ಮಾರಾಯ್ತಿ, ಶ್ರುತಿ ಶುದ್ಧ ಇದ್ರೆ ನಿದ್ದೆ ಮಾಡ್ತಾನೆ, ಕೂದಲೆಳೆಯಷ್ಟು ತಪ್ಪಿದ್ರೂ ತಲೆ ಎತ್ತುತಾನೆ. ಹೆಗಲು ಹಗುರಾದ್ರೆ ನಂಗೆ ಗೊತ್ತಾಗ್ತದೆ. ಇವನ ಕಿವಿ ಇವನಿಗೇ ಗೊತ್ತಿಲ್ಲ' ಅಂತಿದ್ರು. ಗಾನವಿಗೂ ಹೇಳಿಕೊಟ್ಟಿದ್ರು, ವೇದಿಕೆ ಮೇಲೆ ಹೆದರಿಕೆ ಆದ್ರೆ ರಾಜಶೇಖರ ಮಾವನ್ನ ನೋಡು, ಮಲಗಿದ್ರೆ ಧೈರ್ಯವಾಗಿ ಹಾಡು ಅಂತ. ಇಲ್ಲಿ ಎಲ್ಲರಿಗೂ ಗೊತ್ತಲ್ಲ!"

"ಕಿವಿ ವಿಷಯಾನೂ ಗೊತ್ತಾ?"

"ಅದು ನಂಗೊಬ್ಬಳಿಗೇ. ನಿಮಗೆ ಹೇಳಿದ್ರೆ 'ಇನ್ಯಾಕೆ ಕಛೇರಿ' ಅಂತ ನೀವು ಬರೋದು ಬಿಡ್ತೀರೇನೋ ಅಂತ ಹೆದರ್ತಿದ್ರು."

ಅವನಿಗೆ ಕೇಳಿಸುತ್ತದೆ ಎಂದು ನಾನು ಹೋಗುತ್ತಿದ್ದೆ. ನಾನು ಬರುತ್ತೇನೆ ಎಂದು ಅವನು ಹೋಗುತ್ತಿದ್ದ. ಇಪ್ಪತ್ತಾರು ವರ್ಷ ಎಡಗಡೆಯೇ ಕೂತ ನನಗೆ ಆ ಕಿವಿ ಹೋದದ್ದು ತಿಳಿಯಲಿಲ್ಲ. ಪಕ್ಕದಲ್ಲಿ ಅಷ್ಟು ಗೊರಕೆ ಹೊಡೆದರೂ ಇವನು ಎಂಥ ಸಹನಾಮೂರ್ತಿ ಎಂದುಕೊಂಡಿದ್ದೆ!

"ಈಗ ಮಲಗಿ ಅಣ್ಣ" ಎಂದರು ಸುಲೋಚನಮ್ಮ, ಸೆರಗಿನಿಂದ ಕಣ್ಣೊರೆಸಿಕೊಂಡು. "ಕೂಸಿನ ಮರ್ಯಾದೆ ನಿಮ್ಮ ಕೈಲಿದೆ."

ನಾಲ್ಕು ಲೋಟ ಗಟ್ಟಿ ಕಾಫಿ ಕುಡಿದವನಿಗೆ ಹೇಳುವ ಮಾತೇ ಇದು? ನಾನು ಬಂದು ಕೂತೆ. ಗಾನವಿ ಕಣ್ಣು ಕೆಂಪು ಮಾಡಿಕೊಂಡು ವೇದಿಕೆಗೆ ಬಂದಳು. ಕಣ್ಣು ಮುಚ್ಚಿದೆ. ಇಡೀ ಸಭಾಭವನ ನನ್ನ ರೆಪ್ಪೆಗಳನ್ನು ಕಾಯುತ್ತಿರುವುದು ಮುಚ್ಚಿದ ಕಣ್ಣಿಗೂ ಕಾಣುತ್ತಿತ್ತು. ಮನೆಯಲ್ಲೇ ಒಂಬತ್ತು ತಿಂಗಳಿಂದ ಬಾರದ ನಿದ್ದೆ ಇಷ್ಟು ಜನರ ಎದುರಿಗೆ ಹೇಗೆ ಬರಬೇಕು?

ಬಲಗಡೆ ಏನೋ ಸದ್ದಾಯಿತು. ನೀಲಾ ಎದ್ದು, ಯಜ್ಞೇಶನ ಕುರ್ಚಿಯಿಂದ ಚೀಲ ತೆಗೆದು ಕೆಳಗಿಟ್ಟು, ತಾನು ಅಲ್ಲಿ ಕೂತಳು.

"ಒರಗಿ."

"ಅವನ ಹೆಗಲು ಎತ್ತರ ಇತ್ತು" ಎಂದೆ.

"ನಂದು ಇಷ್ಟೇ ಇರೋದು. ಸುಮ್ನೆ ಮಲಗ್ರಿ."

ಒರಗಿದೆ. ಗಾನವಿ ನಿಧಾನವಾಗಿ ಏನನ್ನೋ ಶುರು ಮಾಡಿದಳು. ಭಾನುವಾರದ ವೀಣೆಗೆ ಎಷ್ಟು ಗಂಟೆಯ ಬಸ್ಸು ಎಂದು ಯಜ್ಞೇಶ ಕೇಳಿದ. ಒಂದೂವರೆಗೆ ಕಣೋ ಎಂದೆ. ಆಮೇಲೆ ಏನಾಯಿತೋ ಗೊತ್ತಿಲ್ಲ. ಮೊಣಕೈ ತಿವಿಯಿತು. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಗಾನವಿ ನಗುತ್ತಿದ್ದಳು. ಧರ್ಮೇಶ್ ನನ್ನ ಕೈಗೆ ಮೈಕು ಕೊಟ್ಟ.

ಜೇಬಿನಿಂದ ನಾಲ್ಕು ಪುಟ ತೆಗೆದೆ. ಅದರಲ್ಲಿ ನಾದಬ್ರಹ್ಮ ಇತ್ತು, ರಸಸಾಗರ ಇತ್ತು, ಅಪಾಯವಾಗದಿರಲೆಂದು ಎರಡು ಕಡೆ ಛಾಯೆಯೂ ಇತ್ತು. ಮತ್ತೆ ಜೇಬಿಗೆ ಹಾಕಿದೆ.

"ಎರಡನೇ ಭಾಗ ನಾನು ಕೇಳಿಲ್ಲ" ಎಂದೆ. "ಯಜ್ಞೇಶ ಹೋದ ಮೇಲೆ ಇವತ್ತೇ ನನಗೆ ಒಳ್ಳೆ ನಿದ್ದೆ ಬಂದದ್ದು. ನಮಸ್ಕಾರ."

ನನ್ನ ಸಾಹಿತ್ಯ ಜೀವನದಲ್ಲಿ ಅಷ್ಟು ದೊಡ್ಡ ಚಪ್ಪಾಳೆ ಬಿದ್ದಿರಲಿಲ್ಲ.

ಈಗ ನನ್ನ ಸ್ಥಿತಿ ಏನೆಂದರೆ, ಕೊಪ್ಪ, ಶೃಂಗೇರಿಗಳಿಂದ ಆಹ್ವಾನಗಳು ಬರುತ್ತಿವೆ. ಭಾಷಣಕ್ಕಲ್ಲ. 'ಸಾರ್, ಒರಗುವ ಕುರ್ಚಿ ವ್ಯವಸ್ಥೆ ಮಾಡಿದ್ದೇವೆ, ಮಧ್ಯಾಹ್ನ ಮನೆಯಲ್ಲಿ ಮಲಗದೆ ದಯವಿಟ್ಟು ಹಾಗೇ ಬನ್ನಿ' ಎಂದು ಒಬ್ಬರು ಬರೆದಿದ್ದಾರೆ. ಸಂಗೀತದ ಪುಸ್ತಕಗಳನ್ನೆಲ್ಲ ಎರಡೆರಡು ಸಲ ಓದಿದ ನನಗೆ ಈ ಗತಿ.

ಯಜ್ಞೇಶನ ನೋಟ್‌ಬುಕ್ಕಿನಲ್ಲಿ ಇನ್ನೂ ಖಾಲಿ ಹಾಳೆಗಳಿವೆ. ಅದನ್ನು ನೀಲಾ ತನ್ನ ವಶಕ್ಕೆ ತೆಗೆದುಕೊಂಡಿದ್ದಾಳೆ. ನಿನ್ನೆ ಅವಳು ಅಡುಗೆಮನೆಯಲ್ಲಿದ್ದಾಗ ತೆರೆದು ನೋಡಿದೆ. ಗುಂಡು ಅಕ್ಷರದ ಕೆಳಗೆ ಅವಳ ಓರೆ ಅಕ್ಷರ:

'ಕೊಪ್ಪ. ಗಾನವಿ. ಎರಡನೇ ಭಾಗ ಪೂರ್ತಿ ಹೆಗಲು ಒಮ್ಮೆಯೂ ಹಗುರಾಗಲಿಲ್ಲ. ಶ್ರುತಿ ಶುದ್ಧ. (ಗೊರಕೆ ಮಾತ್ರ ಬೇರೆ ಶ್ರುತಿಯಲ್ಲಿತ್ತು.)'

ಅಷ್ಟರಲ್ಲಿ ಒಳಗಿನಿಂದ ಕೂಗಿದಳು: "ರೀ, ಎಷ್ಟು ವಿಷಲ್ ಆಯ್ತು?"

ನಾನು ಯೋಚಿಸಿ, "ಛಾಯೆ ಇತ್ತು" ಎಂದೆ.