ಗ್ರ್ಯಾಂಡ್‌ಮಾಸ್ಟರ್ ಶಿರ್ವಕ್ಕೆ ಬಂದಾಗ

ಚೆಸ್ ಆಡುವವರು ಬಾಯಿ ಬಿಡುವುದಿಲ್ಲ, ಹಾಗಾಗಿ ಚೆಸ್ ಸಂಘದಲ್ಲಿ ತಲೆಬಿಸಿಯೇ ಇಲ್ಲ ಎಂದು ನಂಬಿಸಿ ನನ್ನನ್ನು ಉಡುಪಿಯ ನಮ್ಮ ಸಣ್ಣ ಸಂಘದ ಕಾರ್ಯದರ್ಶಿ ಮಾಡಿದ್ದರು. ಆಗ ನನಗೆ ಮಣಿಪಾಲದಲ್ಲಿ ಬ್ಯಾಂಕ್ ಕೆಲಸ, ಪರ್ಕಳದಲ್ಲಿ ಬಾಡಿಗೆ ಕೋಣೆ. ಬಾಯಿ ಬಿಡದವರ ನಡುವೆ ಆಗುವಷ್ಟು ಎಡವಟ್ಟು ಬೇರೆಲ್ಲೂ ಆಗುವುದಿಲ್ಲವೆಂದು ಆಮೇಲೆ ತಿಳಿಯಿತು. ಒಂದಲ್ಲ ಒಂದು ಆಗುತ್ತಲೇ ಇತ್ತು. ಆದರೆ ಎಂಬತ್ತರ ದಶಕದ ಮೊದಮೊದಲಿಗೆ ಫಿಲಿಪ್ಪೀನ್ಸಿನ ಗ್ರ್ಯಾಂಡ್‌ಮಾಸ್ಟರ್ ಒಬ್ಬರು ನಮ್ಮಲ್ಲಿಗೆ ಬಂದ ವಾರದಲ್ಲಿ ಆದಷ್ಟು ಮತ್ತೆಂದೂ ಆಗಲಿಲ್ಲ.

ಶಿರ್ವದ ನನ್ನ ಗೆಳೆಯನೊಬ್ಬ ಗಲ್ಫಿನಲ್ಲಿದ್ದ. ಅಲ್ಲಿ ಅವನ ಜೊತೆ ಒಂದೇ ಕೋಣೆಯಲ್ಲಿದ್ದವನು ಈ ಮಾಸ್ಟರರ ತಮ್ಮ. ಮಾಸ್ಟರರು ಮದ್ರಾಸಿನ ಪಂದ್ಯಾವಳಿಯಲ್ಲಿ ಆಟದ ಮೇಲೆ ಆಟ ಸೋತು ಕಂಗಾಲಾಗಿದ್ದರು. ಮುಂದಿನದು ದೆಹಲಿಯಲ್ಲಿ. ಅಲ್ಲೂ ಹೀಗೇ ಆದರೆ ಪಂದ್ಯ ಆಡುವುದನ್ನೇ ಬಿಟ್ಟು ಊರಲ್ಲಿ ಮಕ್ಕಳಿಗೆ ಪಾಠ ಹೇಳಿಕೊಂಡಿರುತ್ತೇನೆ ಎಂದು ತಮ್ಮನಿಗೆ ಹೇಳಿದ್ದರಂತೆ. ನಡುವೆ ಒಂದು ವಾರ ಬಿಡುವಿತ್ತು. ರಜೆಯಲ್ಲಿ ಊರಿಗೆ ಬಂದಿದ್ದ ನನ್ನ ಗೆಳೆಯ, ಅಷ್ಟು ದಿನ ನಮ್ಮ ಮನೆಯಲ್ಲಿ ಬಂದಿರಿ ಎಂದು ಅವರನ್ನು ಕರೆದ.

ಹಾರ

ಉಡುಪಿಯ ಬಸ್‌ಸ್ಟ್ಯಾಂಡಿಗೆ ಸಂಘದವರೆಲ್ಲ ಹೋದೆವು. ಮಾಸ್ಟರರ ಮುಖ ನೋಡಿದವರು ನಮ್ಮಲ್ಲಿ ಯಾರೂ ಇರಲಿಲ್ಲ. ಗುರುತು ಹಿಡಿಯುವುದು ಎಂತ ಕಷ್ಟ, ನಮ್ಮವರ ಹಾಗೆ ಕಾಣದವರು ಒಬ್ಬರೇ ಇರುತ್ತಾರೆ ಎಂದು ಅಧ್ಯಕ್ಷರು ಧೈರ್ಯ ಹೇಳಿದರು. ಮಣಿಪಾಲದಲ್ಲಿ ಡಾಕ್ಟರಿಕೆ ಓದುವ ಮಲೇಷ್ಯಾದ ಹುಡುಗರು ದಿನಾ ಅದೇ ಬಸ್ಸಿನಲ್ಲಿ ಬರುತ್ತಾರೆಂಬುದು ಯಾರಿಗೂ ನೆನಪಾಗಲಿಲ್ಲ.

ಮಂಗಳೂರಿನ ಬಸ್ಸಿನಿಂದ ಅಂಥವನೊಬ್ಬ ಇಳಿದದ್ದೇ ತಡ, ಅಧ್ಯಕ್ಷರು ಹಾರ ಹಾಕಿದರು. ಉಪಾಧ್ಯಕ್ಷರು ಸೀಯಾಳ ಕೊಟ್ಟರು. ನಾನು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿದ್ದ ಸ್ವಾಗತ ಭಾಷಣ ಒಪ್ಪಿಸಿದೆ. ಸೋಲು ಗೆಲುವು ಇದ್ದದ್ದೇ, ನೀವು ಎದೆಗುಂದಬಾರದು ಎಂದಾಗ ಅವನ ಕಣ್ಣಲ್ಲಿ ನೀರು ಬಂತು. ಎಲ್ಲರೂ ಚಪ್ಪಾಳೆ ತಟ್ಟಿದೆವು. ನನ್ನ ಪಕ್ಕದಲ್ಲೇ ಸೂಟ್‌ಕೇಸ್ ಕೆಳಗಿಟ್ಟು ನಿಂತಿದ್ದ ದುಂಡು ಮುಖದ ಹಿರಿಯರೊಬ್ಬರೂ ಮನಸಾರೆ ಚಪ್ಪಾಳೆ ತಟ್ಟಿದರು. ಅವರೇ ಗ್ರ್ಯಾಂಡ್‌ಮಾಸ್ಟರ್.

ಹುಡುಗ ಸೀಯಾಳ ಮುಗಿಸಿ, ಹಿಂಜರಿಯುತ್ತ ನನ್ನನ್ನು ಕೇಳಿದ: "ಸರ್, ಅನಾಟಮಿಯಲ್ಲಿ ಫೇಲಾದವರಿಗೆಲ್ಲ ಇಲ್ಲಿ ಹೀಗೇ ಮಾಡುತ್ತೀರಾ?"

ಸಣ್ಣ

ಗೆಳೆಯನ ತಾಯಿಗೆ ಕೊಂಕಣಿ ಬಿಟ್ಟು ಬೇರೆ ಭಾಷೆ ಬರುತ್ತಿರಲಿಲ್ಲ. ಮಾಸ್ಟರರಿಗೆ ಅವರ ಭಾಷೆ ಮತ್ತು ಇಂಗ್ಲಿಷ್. ಆದರೂ ಮೊದಲ ದಿನವೇ ಇಬ್ಬರಿಗೂ ಬಾಂಧವ್ಯ ಬೆಳೆಯಿತು. ಕೈ ತೊಳೆಯಲು ಸಾಬೂನು ಕೊಟ್ಟರೆ ಅವರು ಅದಕ್ಕೆ ಸಾಬೋನ್ ಅಂದರು. ಮೇಜು ತೋರಿಸಿದರೆ ಮೇಸಾ ಅಂದರು. ಇವರು ನಮ್ಮವರೇ, ಎಂದೋ ಹಡಗು ತಪ್ಪಿ ಆ ಕಡೆ ಹೋದದ್ದು ಎಂದು ತಾಯಿ ತೀರ್ಮಾನಿಸಿದರು.

ರಾತ್ರಿ ಊಟಕ್ಕೆ ಹಂದಿ ಮಾಂಸದ ಸಾರು ಮತ್ತು ಸಣ್ಣ. ಸಣ್ಣ ಎಂದರೆ ಕಳ್ಳು ಹಾಕಿ ಉಬ್ಬಿಸಿದ, ಇಡ್ಲಿಯಂಥ ತಿಂಡಿ. ಫಿಲಿಪ್ಪೀನ್ಸಿನಲ್ಲೂ ಹಾಗೆಯೇ ಅಕ್ಕಿಯದೊಂದು ತಿಂಡಿ ಉಂಟಂತೆ, ಹೆಸರು ಪುತೊ. ಅದು ನಮಗೆ ತಿಳಿದದ್ದು ಮರುದಿನ. ಕೊಂಕಣಿಯಲ್ಲಿ ಮಗನನ್ನು ಕರೆಯುವುದು ಪುತಾ ಎಂದು.

ಮಾಸ್ಟರರು ತಟ್ಟೆಯಲ್ಲಿದ್ದ ಒಂದನ್ನು ತಿಂದು ಮುಗಿಸಿ, ಮುಖ ಅರಳಿಸಿ, "ಪುತೊ" ಎಂದರು. ತಾಯಿ ಅಂಗಳದಲ್ಲಿದ್ದ ಮಗನನ್ನು ಕೂಗಿ ಕರೆದರು. ಅವನು ಓಡಿ ಬಂದು ಎಂತ ಬೇಕೆಂದು ಕೇಳಿದ. ಮಾಸ್ಟರರು ಏನೂ ಬೇಡವೆಂಬಂತೆ ನಕ್ಕರು, ಅವನು ಹೋದ. ತುಸು ಹೊತ್ತು ಬಿಟ್ಟು ಅವರು ಇನ್ನಷ್ಟು ಮೆಲ್ಲಗೆ, ಖಾಲಿ ತಟ್ಟೆ ನೋಡುತ್ತ, "ಪುತೊ" ಎಂದರು. ಮತ್ತೆ ಮಗ ಬಂದ. ಹೀಗೆ ಅವರು ಕೇಳಿದಾಗಲೆಲ್ಲ ಮಗ ಬಂದನೇ ಹೊರತು ಸಣ್ಣ ಬರಲಿಲ್ಲ.

ಕೊನೆಗೆ ತಾಯಿ ಕಣ್ಣೊರೆಸಿಕೊಂಡು ಮಗನಿಗೆ ಹೇಳಿದರು: "ನೀನು ಇಲ್ಲೇ ಕೂತುಕೋ. ಪಾಪ, ನಿನ್ನ ಮೇಲಿನ ಪ್ರೀತಿಗೆ ಒಂದು ತುತ್ತೂ ಇಳಿಯುವುದಿಲ್ಲ ಅವರಿಗೆ."

ರಾಣಿ

ಗಾಳಿ ಬದಲಾಗಲಿ ಎಂದು ಒಂದು ಸಂಜೆ ಅವರನ್ನು ಕಾಪುವಿನ ಸಮುದ್ರಕ್ಕೆ ಕರೆದುಕೊಂಡು ಹೋದೆ. ದೀಪಸ್ತಂಭದ ಹತ್ತಿರ ಅವರನ್ನು ಬಿಟ್ಟು, ಪರಿಚಯದವರೊಬ್ಬರನ್ನು ನೋಡಿ ಬರಲು ಹೋದೆ. ತಿರುಗಿ ಬಂದಾಗ ಅವರು ಬಂಡೆಯ ಮೇಲೆ ಕೂತಿದ್ದಾರೆ, ಸುತ್ತ ಬಲೆ ಬಿಟ್ಟು ಬಂದ ಮೀನುಗಾರರು ತಲೆ ತಗ್ಗಿಸಿ ನಿಂತಿದ್ದಾರೆ. ಚಾ ಅಂಗಡಿ ಇಟ್ಟಿದ್ದ ಮುಸಲ್ಮಾನರೊಬ್ಬರು, ಊರವರ ಬಾಯಲ್ಲಿ ಬ್ಯಾರಿಗಳು, ಅವರ ಬೆನ್ನು ಸವರುತ್ತಿದ್ದಾರೆ.

ನಾನು ಓಡಿ ಹೋದೆ. ಬ್ಯಾರಿಗಳು ನನ್ನನ್ನು ಪಕ್ಕಕ್ಕೆ ಕರೆದು ವಿಷಯ ಹೇಳಿದರು. ಈ ಮನುಷ್ಯ ಹಣೆ ಚಚ್ಚಿಕೊಳ್ಳುವುದನ್ನು ಕಂಡು, ಸಮುದ್ರಕ್ಕೆ ಹಾರಿಬಿಟ್ಟಾನೆಂದು ಇವರು ಓಡಿ ಬಂದರಂತೆ. ಎಂತ ಆಯಿತೆಂದು ದುಬೈಯಲ್ಲಿ ಕಲಿತ ಇಂಗ್ಲಿಷಿನಲ್ಲಿ ಕೇಳಿದರಂತೆ. ಮದ್ರಾಸಿನಲ್ಲಿ ನನ್ನ ರಾಣಿಯನ್ನು ಕಳೆದುಕೊಂಡೆ, ತಪ್ಪು ನನ್ನದೇ, ನಾನು ನೋಡಲೇ ಇಲ್ಲ ಎಂದರಂತೆ ಅವರು.

ಅದು ಚೆಸ್ಸಿನ ಕಾಯಿ, ಮರದ್ದು, ಹೆಂಡತಿಯಲ್ಲ ಎಂದು ನಾನು ವಿವರಿಸಿದೆ. ಇವರ ಹೆಂಡತಿ ಮಕ್ಕಳು ಊರಲ್ಲಿ ಆರಾಮ ಇದ್ದಾರೆ ಎಂದೂ ಹೇಳಿದೆ. ಬ್ಯಾರಿಗಳು ನನ್ನ ಕೈ ಹಿಡಿದು ಇನ್ನಷ್ಟು ಆಚೆಗೆ ಕರೆದರು.

"ಈ ಸಂಗತಿ ನಮ್ಮ ಮನೆಯವಳ ಕಿವಿಗೆ ಬೀಳುವುದು ಬೇಡ ಮಾರಾಯ್ರೇ," ಎಂದರು. "ನಾನು ಒಂದು ವಾರ ಮಂಗಳೂರಿಗೆ ಹೋದರೆ ಅವಳ ನೆನಪೇ ಮಾಡುವುದಿಲ್ಲ ಎಂದು ಮೊದಲೇ ದೂರು ಉಂಟು."

ರಾಜ

ಹೊರಡುವ ಮುಂಚೆ ಕಾರ್ಕಳದ ಶಾಲೆಯೊಂದರಲ್ಲಿ ಒಂದು ಪ್ರದರ್ಶನ ಆಟ ಇಟ್ಟೆವು. ಆಡುವವರೆಲ್ಲ ಸಾಲಾಗಿ ಕೂರುವುದು, ಮಾಸ್ಟರರು ಒಬ್ಬೊಬ್ಬರ ಮುಂದೆ ಬಂದು ಒಂದೊಂದು ನಡೆ ನಡೆಸುತ್ತ ಹೋಗುವುದು. ಅವರಿಗೆ ಮನಸ್ಸಿರಲಿಲ್ಲ, ರಾಣಿಯನ್ನು ಮುಟ್ಟುವಾಗ ಕೈ ನಡುಗುತ್ತದೆ ಎಂದರು. ನಾವು ಬಿಡಲಿಲ್ಲ.

ಸಾಲಿನ ತುದಿಯಲ್ಲಿ ಅಜೆಕಾರಿನ ನಿವೃತ್ತ ತಹಶೀಲ್ದಾರರು ಕೂತಿದ್ದರು. ಕಚೇರಿ ಬಿಟ್ಟರೂ ಕಚೇರಿಯ ಗತ್ತು ಬಿಟ್ಟಿರಲಿಲ್ಲ. ಉಳಿದವರೆಲ್ಲ ಒಬ್ಬೊಬ್ಬರಾಗಿ ಸೋತು ಎದ್ದರು. ತಹಶೀಲ್ದಾರರ ರಾಜನೂ ಮೂಲೆಗೆ ಬಿದ್ದಿದ್ದ, ಮುಂದಿನ ನಡೆಗೆ ಆಟ ಮುಗಿಯಬೇಕು. ಅವರು ನಿಧಾನವಾಗಿ ರಾಜನನ್ನು ಎತ್ತಿ, ಕುದುರೆಯ ಹಾಗೆ ಹಾರಿಸಿ, ಆಚೆಯ ಮನೆಯಲ್ಲಿಟ್ಟರು.

ಮಾಸ್ಟರರು ಹಲಗೆಯನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ನಮ್ಮ ಹಳೆಯ ಚದುರಂಗದಲ್ಲಿ ಒಮ್ಮೆಯೂ ಶಹ, ಅಂದರೆ ಚೆಕ್, ಬೀಳದ ರಾಜನಿಗೆ ಒಂದೇ ಒಂದು ಸಲ ಹೀಗೆ ಹಾರುವ ಹಕ್ಕು ಉಂಟೆಂದು ನಾನು ನಾಚಿಕೆಯಿಂದ ವಿವರಿಸಿದೆ. ಹಾಗಾದರೆ ನನ್ನ ರಾಜನೂ ಹಾರಬಹುದಲ್ಲ ಎಂದು ಅವರು ಕೇಳಿದರು. ಅದನ್ನು ನಾನು ತಹಶೀಲ್ದಾರರಿಗೆ ತಿಳಿಸಿದೆ.

"ಅದು ಹೇಗೆ ಆಗುತ್ತದೆ?" ಎಂದರು ತಹಶೀಲ್ದಾರರು. "ಅವರು ಆಡುತ್ತಿರುವುದು ಇಂಗ್ಲಿಷ್ ಆಟ ಅಲ್ವಾ?"

ನಾನು ಅದನ್ನೂ ತರ್ಜುಮೆ ಮಾಡಿದೆ. ಮಾಸ್ಟರರು ನಗತೊಡಗಿದರು. ಹೊಟ್ಟೆ ಹಿಡಿದುಕೊಂಡು, ಬೆಂಚಿನ ಮೇಲೆ ಕೂತು, ಕಣ್ಣೀರು ಬರುವವರೆಗೆ ನಕ್ಕರು. ಮದ್ರಾಸು ಬಿಟ್ಟ ಮೇಲೆ ಅವರು ಹಾಗೆ ನಕ್ಕದ್ದು ಅದೇ ಮೊದಲು. ಎದ್ದು ತಹಶೀಲ್ದಾರರ ಕೈಕುಲುಕಿ ಸೋಲು ಒಪ್ಪಿಕೊಂಡರು.

ದೆಹಲಿಯಲ್ಲಿ ಆದದ್ದನ್ನು ಗೆಳೆಯ ಮುಂದಿನ ರಜೆಗೆ ಬಂದಾಗ ಹೇಳಿದ. ಮಾಸ್ಟರರು ಅಲ್ಲಿ ಚೆನ್ನಾಗಿಯೇ ಆಡಿದರಂತೆ, ಕೈ ನಡುಗಲಿಲ್ಲವಂತೆ. ಆದರೆ ಕೊನೆಯ ಆಟದಲ್ಲಿ ಅವರ ರಾಜ ಸಿಕ್ಕಿಬಿದ್ದ. ಸಮಯ ಓಡುತ್ತಿದೆ, ತಲೆ ಕೆಲಸ ಮಾಡುತ್ತಿಲ್ಲ. ಇನ್ನೂ ಶಹ ಬಿದ್ದಿಲ್ಲವಲ್ಲ ಎಂದುಕೊಂಡು ಹಾರಿಸಲಿಕ್ಕೆಂದೇ ರಾಜನನ್ನು ಎತ್ತಿಬಿಟ್ಟರಂತೆ. ಎತ್ತಿದ ಮೇಲೆ ಎಚ್ಚರವಾಯಿತು, ಇದು ಕಾರ್ಕಳವಲ್ಲ. ಮುಟ್ಟಿದ ಕಾಯಿಯನ್ನು ನಡೆಸಲೇಬೇಕು ಎಂಬುದು ನಿಯಮ. ರಾಜನಿಗೆ ಹೋಗಲು ಇದ್ದದ್ದು ಒಂದೇ ಮನೆ. ಬೇರೆ ದಾರಿಯಿಲ್ಲದೆ ಅಲ್ಲಿಟ್ಟರು. ನೋಡಿದರೆ ಉಳಿಯುವ ನಡೆ ಅದೊಂದೇ ಆಗಿತ್ತು. ಆಟ ಡ್ರಾ ಆಯಿತು. ಅವರು ಪಾಠ ಹೇಳಲು ಊರಿಗೆ ಹೋಗಲಿಲ್ಲ, ಮುಂದಿನ ಪಂದ್ಯಾವಳಿಗೆ ಹೋದರು.

ಈ ಸಂತೋಷದ ಸುದ್ದಿ ಹೇಳಲು ನಾನು ಅಜೆಕಾರಿಗೇ ಹೋದೆ. ತಹಶೀಲ್ದಾರರು ಕಣ್ಣುಮುಚ್ಚಿ ಪೂರ್ತಿ ಕೇಳಿ, ಬೇಸರದಿಂದ ತಲೆಯಾಡಿಸಿದರು.

"ಒಂದು ಹೆಜ್ಜೆ ಮಾತ್ರ ಇಟ್ಟರೋ? ಛೆ," ಎಂದರು. "ಹಾರಿಸಿದ್ದರೆ ಗೆಲ್ಲುತ್ತಿದ್ದರು."