ಕಂದರಕ್ಕೆ ಎಷ್ಟು ಮಾಳಿಗೆ?

“ಇದು ಜಲಪಾತವಾ ಲತೀಶಾ? ನಮ್ಮ ಬಾತ್‌ರೂಮಿನ ಲೀಕೇಜ್ ಇದಕ್ಕಿಂತ ಚೆಂದ ಉಂಟು ಮಾರಾಯ!”

ಡೊಂಬಿವಲಿ ಕನ್ನಡ ಬಳಗದ ಛಾಯಾಚಿತ್ರ ಸ್ಪರ್ಧೆಯ ತೀರ್ಪುಗಾರ ಪುಂಡರೀಕಾಕ್ಷರು ಹೀಗೆಂದದ್ದೇ ತಡ, ಭಾನುವಾರದ ತಿಂಡಿಗೆ ಸೇರಿದ್ದ ನಲವತ್ತು ಬಾಯಿಗಳೂ ಉಪ್ಪಿಟ್ಟು ಬಿಟ್ಟು ನಕ್ಕವು. ಸ್ಟೇಷನ್ ಬಳಿ ಪಾಸ್‌ಪೋರ್ಟ್ ಫೋಟೋ ತೆಗೆಯುವ ಲತೀಶನ ಕಿವಿಯಲ್ಲಿ ಕುಕ್ಕರ್ ಕೂಗಿತು.

“ಸಂಜೆ ಆರರ ತನಕ ಟೈಮ್ ಉಂಟಲ್ಲ? ಯಾರೂ ತೆಗೆಯದ ಫೋಟೋ ತರ್ತೇನೆ. ಫಸ್ಟ್ ಬಾರದಿದ್ರೆ ಇನ್ನು ಕ್ಯಾಮೆರಾ ಮುಟ್ಟುವುದಿಲ್ಲ!”

ಮುರ್ಬಾಡಿನಾಚೆ ಒಂದು ಕಂದರವಿತ್ತು. ಬಂಡೆಗಳ ನಡುವಿನ ಸೀಳು. ಮಧ್ಯಾಹ್ನ ಹತ್ತೇ ನಿಮಿಷ ಒಳಗೆ ಬಿಸಿಲು. ಇಳಿಯಲು ದಾರಿಯೇ ಇಲ್ಲ. ಲತೀಶ ನೇರ ಸಿದ್ರಾಮನ ಖೋಲಿಗೆ ಓಡಿದ. ಕಲಬುರಗಿಯ ಸಿದ್ರಾಮ ಸೀವುಡ್ಸ್‌ನ ಎತ್ತರದ ಕಟ್ಟಡಗಳಿಗೆ ಹಗ್ಗದಲ್ಲಿ ತೂಗಾಡುತ್ತ ಬಣ್ಣ ಬಳಿಯುವವನು.

“ಬಿಲ್ಡಿಂಗ್ ಎಷ್ಟ್ ಮಾಳಿಗಿ ಅದರೀ?”

“ಬಿಲ್ಡಿಂಗ್ ಅಲ್ಲ ಮಾರಾಯ, ಕಂದರ!”

“ಅದೇ ರೀ, ಎಷ್ಟ್ ಮಾಳಿಗಿ?”

ಮಧ್ಯಾಹ್ನ ಹಗ್ಗವನ್ನು ಎರಡು ಮರಗಳಿಗೆ ಸುತ್ತಿ, ಬಣ್ಣ ಮೆತ್ತಿದ ಹಲಗೆಯ ಮೇಲೆ ಲತೀಶನನ್ನು ಕೂರಿಸಿ ಸಿದ್ರಾಮ ಇಳಿಬಿಟ್ಟ.

“ಮೂರನೇ ಮಾಳಿಗಿ... ನಾಕನೇದು... ಅಣ್ಣಾ, ಬಾಲ್ಕನಿ ಬಂತು, ಕಾಲಿಡ್ರಿ!”

ಬಾಲ್ಕನಿಯೆಂದರೆ ಪಾಚಿಗಟ್ಟಿದ ಬಂಡೆ. ಕಾಲಿಟ್ಟದ್ದೇ ಜಾರಿತು. ಒಂದು ಬೂಟು ಪಾತಾಳ ಸೇರಿತು, ಹಲಗೆ ಓರೆಯಾಯಿತು. ಹಗ್ಗಕ್ಕೆ ಬಿಗಿದಿದ್ದ ಸೊಂಟದ ಬೆಲ್ಟ್ ಕೈಬಿಡಲಿಲ್ಲವಾಗಿ ಲತೀಶ ತಲೆಕೆಳಗಾಗಿ, ಒಣಗಲು ಹಾಕಿದ ಪ್ಯಾಂಟಿನಂತೆ ಗರಗರ ತಿರುಗತೊಡಗಿದ.

“ಎಳಿಯೋ!”

“ಒಂದ್ ಮಿನಿಟ್ ಹಂಗೇ ಇರ್ರಿ ಅಣ್ಣಾ!”

ಆಗಲೇ ಬಿಸಿಲು ಸೀಳಿನೊಳಗೆ ಹಿತ್ತಾಳೆ ತಗಡಿನಂತೆ ಇಳಿಯಿತು. ಲತೀಶ ತಿರುಗುತ್ತಲೇ ಕ್ಲಿಕ್ಕಿಸಿದ. ಹದಿನೇಳು ಸುತ್ತು, ಹದಿನೇಳು ಫೋಟೋ. ಅದರಲ್ಲೊಂದು ಅದ್ಭುತವಾಗಿ ಬಂದಿತ್ತು.

ಆರಕ್ಕೆ ಐದು ನಿಮಿಷವಿರುವಾಗ, ಕೆಸರು ಮೆತ್ತಿಕೊಂಡು, ಒಂಟಿ ಬೂಟಿನಲ್ಲಿ ಲತೀಶ ಪ್ರಿಂಟ್ ತಂದು ಇಟ್ಟ; ಹಿಂದೆಯೇ ಸಿದ್ರಾಮ. ಪುಂಡರೀಕಾಕ್ಷರು ಕನ್ನಡಕ ಏರಿಸಿ ತುಂಬ ಹೊತ್ತು ನೋಡಿದರು.

“ಆಹಾ, ಎಂಥ ಬಿಸಿಲು! ಎಂಥ ಆಳ! ಸೆಕೆಂಡ್ ಪ್ರೈಜ್!”

“ಫಸ್ಟ್ ಯಾರಿಗೆ?”

ಪುಂಡರೀಕಾಕ್ಷರು ಕೈ ತೋರಿದ ಪರದೆಯ ಮೇಲೆ ಅದೇ ಕಂದರ, ಅದೇ ಬಿಸಿಲು. ನಡುವೆ ತಲೆಕೆಳಗಾದ ಒಬ್ಬ ಮನುಷ್ಯ. ಅಂಗಿ ಎದೆಗೆ ಜಾರಿದೆ, ಬಾಯಿ ಗುಹೆಯಷ್ಟು ತೆರೆದಿದೆ.

“ನಿನ್ನದ್ರಲ್ಲಿ ಬರೀ ಕಲ್ಲು ಮಾರಾಯ. ಇದರಲ್ಲಿ ಜೀವ ಉಂಟು!”

ಸಿದ್ರಾಮ ನಾಲಿಗೆ ಕಚ್ಚಿಕೊಂಡ. “ನೀವು ಇನ್ನಾ ಜೀವಂತ ಅದೀರಿ ಅಂತ ತಿಳಸ್ಲಿಕ್ಕ ಮೊಬೈಲಿನಾಗ ತೆಗದು ಬಳಗದ ವಾಟ್ಸಾಪ್ ಗ್ರೂಪಿಗಿ ಹಾಕಿದ್ನಿ ಅಣ್ಣಾ...”

ಚಪ್ಪಾಳೆ ಕಿವಿಗಡಚಿಕ್ಕಿತು. ಶಾಲು ಬಂತು, ಹಾರ ಬಂತು, ಹಣ್ಣಿನ ಬುಟ್ಟಿ ಬಂತು.

“ಲತೀಶಾ, ಎಲ್ಲಿದ್ದೀ? ಬೇಗ ಬಾ, ಸಿದ್ರಾಮನ ಸನ್ಮಾನದ್ದು ಒಂದು ಒಳ್ಳೆ ಫೋಟೋ ತೆಗಿ!”

ಲತೀಶ ಕೊರಳಿನ ಕ್ಯಾಮೆರಾ ಕಳಚಿ ಹಣ್ಣಿನ ಬುಟ್ಟಿಯ ಪಕ್ಕ ಇಟ್ಟ. ಕುಂಟುತ್ತ ಮೆಟ್ಟಿಲಿಳಿದು ಹೊರಟುಹೋದ.